ಕುಂಡದಲ್ಲಿ ಪೈಲಿಯಾ: ಗಿಡ ಆರಿಸುವುದರಿಂದ ಕುಡಿ ಮುರಿದು ನೆಡುವವರೆಗೆ

ತುರಚಿ ಗಿಡ ಒಮ್ಮೆ ಮೈಗೆ ತಾಗಿದವರು ಆ ಕುಟುಂಬದ ಯಾವ ಸೊಪ್ಪನ್ನೂ ಮುಟ್ಟಲು ಹಿಂಜರಿಯುತ್ತಾರೆ. ಪೈಲಿಯಾ ಅದೇ ಅರ್ಟಿಕೇಸಿ ಕುಟುಂಬದ್ದು, ಆದರೆ ಇದರ ಎಲೆ, ಕಾಂಡ ಯಾವುದರಲ್ಲೂ ಚುಚ್ಚುವ ರೋಮವಿಲ್ಲ. ಧೈರ್ಯವಾಗಿ ಬರಿಗೈಯಲ್ಲಿ ಹಿಡಿಯಬಹುದು. ಕುಟುಂಬದ ಕುಲಗಳಲ್ಲೆಲ್ಲ ಇದೇ ದೊಡ್ಡದು, ಆರುನೂರಕ್ಕೂ ಹೆಚ್ಚು ಪ್ರಭೇದಗಳಿವೆ. 1821ರಲ್ಲಿ ಇದಕ್ಕೆ ಹೆಸರಿಟ್ಟವರು ಇಂಗ್ಲೆಂಡಿನ ಸಸ್ಯವಿಜ್ಞಾನಿ ಜಾನ್ ಲಿಂಡ್ಲಿ. ಲ್ಯಾಟಿನ್‌ನಲ್ಲಿ ‘ಪೈಲಿಯಸ್’ ಎಂದರೆ ಉಣ್ಣೆಯ ಟೋಪಿ. ಪುಟ್ಟ ಕಾಯಿಯ ಮೇಲೆ ಹೂವಿನ ಪುಷ್ಪಪಾತ್ರೆ ಟೋಪಿಯಂತೆ ಕೂತಿರುವುದರಿಂದ ಆ ಹೆಸರು ಬಂತು. ನರ್ಸರಿಗಳಲ್ಲಿ ಕೆಲವರು ‘ಪಿಲಿಯಾ’ ಎನ್ನುತ್ತಾರೆ, ಎರಡೂ ಒಂದೇ.

ನಮ್ಮ ಪಶ್ಚಿಮ ಘಟ್ಟದಲ್ಲೂ ಪೈಲಿಯಾ ಇದೆ. ಪೈಲಿಯಾ ಮೆಲಾಸ್ಟೊಮಾಯ್ಡಿಸ್ ಎಂಬ ಪ್ರಭೇದ ಕಾಡಿನೊಳಗಿನ ತಂಪು ನೆರಳಿನಲ್ಲಿ, ತೇವದ ಜಾಗದಲ್ಲಿ ಬೆಳೆಯುತ್ತದೆ. ಅಂಥ ಜಾಗವನ್ನು ಒಮ್ಮೆ ಕಣ್ಣಮುಂದೆ ತಂದುಕೊಂಡರೆ ಈ ಕುಲದ ಸ್ವಭಾವ ಅರ್ಥವಾಗುತ್ತದೆ. ನೆತ್ತಿಯ ಮೇಲೆ ಮರದ ನೆರಳು, ಸುತ್ತ ತೇವ ತುಂಬಿದ ಗಾಳಿ, ಬುಡದಲ್ಲಿ ಕೊಳೆತ ದರಕಿನ ಸಡಿಲ ಮಣ್ಣು. ಮಳೆ ಎಷ್ಟೇ ಬರಲಿ, ನೀರು ಇಳಿದು ಹೋಗುತ್ತದೆಯೇ ಹೊರತು ಬೇರಿನ ಬಳಿ ನಿಲ್ಲುವುದಿಲ್ಲ. ಎಲೆಗೆ ತೇವ ಬೇಕು, ಬೇರಿಗೆ ಉಸಿರು ಬೇಕು. ಮನೆಯಲ್ಲಿ ಪೈಲಿಯಾ ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಎಲೆಯ ಬಾಯಾರಿಕೆಗೆ ಬೇರನ್ನು ಮುಳುಗಿಸಿದವರು.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ದಾಸವಾಳದಂತೆ ಒಂದೇ ಗಿಡ ಹತ್ತು ವರ್ಷ ಚೆಂದವಾಗಿ ನಿಲ್ಲಲಿ ಎಂದು ಪೈಲಿಯಾದಿಂದ ಬಯಸುವಂತಿಲ್ಲ. ವರ್ಷ, ಒಂದೂವರೆ ವರ್ಷ ಕಳೆದರೆ ಬುಡದ ಎಲೆ ಉದುರಿ ಕಾಂಡ ಬೋಳಾಗುತ್ತದೆ. ಅದು ರೋಗವಲ್ಲ, ಗಿಡದ ನಡೆಯೇ ಹಾಗೆ. ಕುಡಿ ಮುರಿದು ಮತ್ತೆ ನೆಡುವುದನ್ನು ಕಲಿತವರ ಮನೆಯಲ್ಲಿ ಮಾತ್ರ ಪೈಲಿಯಾ ಉಳಿಯುತ್ತದೆ. ಅದಕ್ಕಾಗಿ ಆ ಭಾಗವನ್ನು ಕೆಳಗೆ ವಿವರವಾಗಿ ಬರೆದಿದೆ.

ಯಾವುದನ್ನು ಆರಿಸುವುದು

ಮೊದಲ ಬಾರಿ ಬೆಳೆಸುವವರಿಗೆ ಅಲ್ಯೂಮಿನಿಯಂ ಗಿಡ, ಅಂದರೆ ಪೈಲಿಯಾ ಕ್ಯಾಡಿಯೆರಿ, ಒಳ್ಳೆಯದು. ವಿಯೆಟ್ನಾಂ ಮತ್ತು ಚೀನಾ ಇದರ ತವರು. ಕಡುಹಸಿರು ಎಲೆಯ ಮೇಲೆ ನಾಲ್ಕು ಸಾಲು ಬೆಳ್ಳಿ ತೇಪೆ ಹಾಕಿದಂತೆ ಕಾಣುತ್ತದೆ. ಬೆರಳಾಡಿಸಿದರೆ ಆ ಜಾಗ ಉಬ್ಬಿರುವುದು ತಿಳಿಯುತ್ತದೆ. ಅದು ಬಣ್ಣವಲ್ಲ, ಎಲೆಯ ಹೊರಚರ್ಮಕ್ಕೂ ಕೆಳಗಿನ ಹಸಿರು ಪದರಕ್ಕೂ ನಡುವೆ ಸೇರಿಕೊಂಡ ಗಾಳಿ, ಬೆಳಕನ್ನು ಹಿಂದಕ್ಕೆ ಎಸೆದು ಬೆಳ್ಳಿಯಂತೆ ಹೊಳೆಯುತ್ತದೆ. ಒಂದು ಅಡಿ ಎತ್ತರಕ್ಕೆ ಬರುತ್ತದೆ, ಸಣ್ಣಪುಟ್ಟ ತಪ್ಪುಗಳನ್ನು ತಾಳಿಕೊಳ್ಳುತ್ತದೆ.

‘ಮೂನ್ ವ್ಯಾಲಿ’ ಎಂದು ಮಾರುವ ಗಿಡದ ಎಲೆ ಸುಕ್ಕುಸುಕ್ಕಾಗಿ, ನಡುವೆ ಕಂದು ನರಗಳಿಂದ ಚೆಂದವಿರುತ್ತದೆ. ಆದರೆ ಇದಕ್ಕೆ ಗಾಳಿಯಲ್ಲಿ ತೇವ ಎಲ್ಲಕ್ಕಿಂತ ಹೆಚ್ಚು ಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಇದನ್ನು ತೆರೆದ ಕುಂಡದಲ್ಲಿಟ್ಟರೆ ಎಲೆಯಂಚು ಹಪ್ಪಳದಂತೆ ಒಣಗುತ್ತದೆ. ಅಲ್ಲಿನವರು ಗಾಜಿನ ಭರಣಿಯಲ್ಲಿ ಬೆಳೆಸುವುದೇ ಸರಿ. ತೂಗು ಕುಂಡಕ್ಕೆ ‘ಪೈಲಿಯಾ ಗ್ಲಾಕಾ’ ಎಂಬ ಹೆಸರಿನಲ್ಲಿ ಸಿಗುವ, ಕೆಂಪು ದಂಟಿನ ನೀಲಿಬೂದು ಎಲೆಯ ಗಿಡ, ಅಥವಾ ನಾಣ್ಯದಂಥ ಎಲೆಯ ಪೈಲಿಯಾ ನಮ್ಯುಲಾರಿಫೋಲಿಯಾ ಆಗುತ್ತದೆ. ಎರಡೂ ಇಳಿಬೀಳುತ್ತವೆ.

ಇತ್ತೀಚೆಗೆ ಎಲ್ಲರೂ ಕೇಳುವುದು ಚೈನೀಸ್ ಮನಿ ಪ್ಲಾಂಟ್, ಪೈಲಿಯಾ ಪೆಪರೊಮಿಯಾಯ್ಡಿಸ್. ದುಂಡಗಿನ ಎಲೆಯ ಒಳಭಾಗಕ್ಕೆ ತೊಟ್ಟು ಅಂಟಿ, ಕೊಡೆಯಂತೆ ಕಾಣುವ ಗಿಡ. ನಮ್ಮ ಮನೆಗಳ ಬಳ್ಳಿ ಮನಿ ಪ್ಲಾಂಟಿಗೂ ಇದಕ್ಕೂ ಯಾವ ನಂಟೂ ಇಲ್ಲ. ಕೊಳ್ಳುವಾಗ ಮೋಸಹೋಗುವುದು ಪೆಪರೋಮಿಯಾ ಪಾಲಿಬೊಟ್ರಿಯಾ ಎಂಬ ಬೇರೆ ಗಿಡದ ಮುಂದೆ. ಅದರ ಎಲೆ ತುದಿಯಲ್ಲಿ ಚೂಪಾಗಿ ನೀರಹನಿಯಂತಿರುತ್ತದೆ, ದಪ್ಪವೂ ಹೆಚ್ಚು. ಪೈಲಿಯಾದ ಎಲೆ ತಟ್ಟೆಯಂತೆ ದುಂಡು, ತೆಳು. ಇದರ ತವರು ಚೀನಾದ ಯುನ್ನಾನ್‌ನ ಎತ್ತರದ ಬೆಟ್ಟಗಳು. ಹಾಗಾಗಿ ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನ ಹವೆ ಹಿಡಿಸುತ್ತದೆ. ಮಂಗಳೂರು, ಕಾರವಾರದ ಏಪ್ರಿಲ್-ಮೇ ಸೆಕೆಯಲ್ಲಿ ಸೊರಗುತ್ತದೆ, ಅಲ್ಲಿ ಮನೆಯ ಅತ್ಯಂತ ತಂಪಾದ, ಗಾಳಿಯಾಡುವ ಮೂಲೆ ಹುಡುಕಬೇಕು. ಕರಾವಳಿಯವರು ಕ್ಯಾಡಿಯೆರಿಯಿಂದ ಆರಂಭಿಸುವುದು ಲೇಸು.

ಯಾವುದನ್ನೇ ಕೊಳ್ಳಿ, ಕುಂಡ ಎತ್ತಿ ತಳ ನೋಡಿ, ಎಲೆ ಮಗುಚಿ ನೋಡಿ. ಮಣ್ಣಿನ ಮಟ್ಟದಲ್ಲಿ ಕಾಂಡ ಕಪ್ಪಾಗಿದ್ದರೆ ಬಿಟ್ಟುಬಿಡಿ. ಗಿಡದ ಎತ್ತರಕ್ಕಿಂತ ಬುಡದಿಂದ ಎಷ್ಟು ಕವಲೊಡೆದಿದೆ ಎಂಬುದು ಮುಖ್ಯ.

ಬೆಳಕು

ನೆರಳಿನ ಗಿಡ ಎಂದರೆ ಕತ್ತಲೆಯ ಗಿಡವಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಗಿಡ ಇಡುವ ಜಾಗದಲ್ಲಿ ಬಿಳಿ ಹಾಳೆ ಹಾಸಿ, ಒಂದು ಅಡಿ ಮೇಲೆ ಅಂಗೈ ಹಿಡಿಯಿರಿ. ಕೈಯ ನೆರಳು ಬೆರಳು ಬೆರಳಾಗಿ ಸ್ಪಷ್ಟವಾಗಿ ಮೂಡಿದರೆ ಬಿಸಿಲು ಹೆಚ್ಚಾಯಿತು. ಮಸುಕಾಗಿ, ಅಂಚು ಕಲಸಿದಂತೆ ಕಂಡರೆ ಸರಿಯಾದ ಜಾಗ. ನೆರಳೇ ಬೀಳದಿದ್ದರೆ ಅಲ್ಲಿ ಪೈಲಿಯಾ ಬದುಕಬಹುದು, ಬೆಳೆಯುವುದಿಲ್ಲ. ದಂಟು ಉದ್ದವಾಗಿ, ಎಲೆ ದೂರದೂರವಾಗಿ ಬರುತ್ತದೆ.

ಪೂರ್ವದ ಕಿಟಕಿ ಅತ್ಯುತ್ತಮ. ಬೆಳಗಿನ ಎಂಟೂವರೆಯವರೆಗಿನ ಎಳೆಬಿಸಿಲು ಬಿದ್ದರೂ ತೊಂದರೆಯಿಲ್ಲ. ಪಶ್ಚಿಮದ ಕಿಟಕಿಯಾದರೆ ನಾಲ್ಕೈದು ಅಡಿ ಒಳಗಿಡಿ, ಇಲ್ಲವೇ ಬಿಳಿ ಪರದೆ ಕಟ್ಟಿ. ತಾರಸಿಯಲ್ಲಿ ಬೆಳೆಸುವವರು 75 ಪ್ರತಿಶತದ ಶೇಡ್ ನೆಟ್ ಕೆಳಗೆ ಇಡಬೇಕು, ಹೂಗಿಡಗಳಿಗೆ ಹಾಕುವ 50ರ ನೆಟ್ ಬೇಸಿಗೆಗೆ ಸಾಲದು. ಚೈನೀಸ್ ಮನಿ ಪ್ಲಾಂಟ್ ಬೆಳಕಿನತ್ತ ಬಲುಬೇಗ ವಾಲುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಕುಂಡವನ್ನು ಕಾಲುಸುತ್ತು ತಿರುಗಿಸದಿದ್ದರೆ ತಿಂಗಳಲ್ಲಿ ಒಂದೇ ಕಡೆಗೆ ಕುತ್ತಿಗೆ ಚಾಚಿ ನಿಲ್ಲುತ್ತದೆ.

ಮಣ್ಣು ಮತ್ತು ಕುಂಡ

ಒಂದೇ ಡಬ್ಬಿಯಲ್ಲಿ ಅಳೆಯಿರಿ: ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ನಾಲ್ಕು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ದಪ್ಪ ಮರಳು ಎರಡು, ಚೆನ್ನಾಗಿ ಕಳಿತ ಎರೆಗೊಬ್ಬರ ಎರಡು, ಜರಡಿ ಹಿಡಿದ ಕೆಂಪು ಮಣ್ಣು ಒಂದು. ಆರು ಇಂಚಿನ ಕುಂಡಕ್ಕೆ ಒಂದು ಚಮಚ ಬೇವಿನ ಹಿಂಡಿ ಸೇರಿಸಿ. ಮಳೆ ಹೆಚ್ಚಿರುವ ಕರಾವಳಿ, ಮಲೆನಾಡಿನಲ್ಲಿ ಕೆಂಪು ಮಣ್ಣನ್ನು ಬಿಟ್ಟು ಪರ್ಲೈಟನ್ನು ಮೂರಕ್ಕೆ ಏರಿಸಿ. ಚೈನೀಸ್ ಮನಿ ಪ್ಲಾಂಟಿಗೆ ಎಲ್ಲ ಊರಲ್ಲೂ ಹೀಗೆಯೇ.

ಕೊಕೊಪೀಟ್ ತೊಳೆಯುವುದನ್ನು ತಪ್ಪಿಸಬೇಡಿ. ತೆಂಗಿನ ನಾರಿನಲ್ಲಿ ಉಪ್ಪಿನಂಶ ಉಳಿದಿರುತ್ತದೆ, ಪೈಲಿಯಾದ ಕೂದಲಿನಂಥ ಬೇರು ಅದನ್ನು ತಡೆಯುವುದಿಲ್ಲ. ಇಟ್ಟಿಗೆಯಂತೆ ಒತ್ತಿ ಮಾರುವ ಕೊಕೊಪೀಟನ್ನು ಬಕೆಟ್ ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಹಿಂಡಿ, ಮತ್ತೆ ಹೊಸ ನೀರು ಹಾಕಿ. ಹಿಂಡಿದ ನೀರು ಕಡುಗಂದಿನಿಂದ ತಿಳಿ ಚಹಾದ ಬಣ್ಣಕ್ಕೆ ಬರುವಷ್ಟು ಸಲ, ಸಾಮಾನ್ಯವಾಗಿ ಮೂರು ಬಾರಿ. ಎಂ-ಸ್ಯಾಂಡ್ ಬಳಸುವವರು ಅದರ ದೂಳು ಪೂರ್ತಿ ಹೋಗುವವರೆಗೆ ತೊಳೆಯಬೇಕು, ಇಲ್ಲದಿದ್ದರೆ ಆ ದೂಳೇ ಸಿಮೆಂಟಿನಂತೆ ತೂತು ಮುಚ್ಚುತ್ತದೆ. ಉತ್ತರ ಕರ್ನಾಟಕದ ಕಪ್ಪು ಎರೆಮಣ್ಣನ್ನು ಒಂದು ಹಿಡಿಯೂ ಹಾಕಬೇಡಿ. ನೆನೆದಾಗ ಉಬ್ಬಿ, ಒಣಗಿದಾಗ ಬಿರಿದು ಎಳೆಬೇರನ್ನು ಹರಿದುಹಾಕುತ್ತದೆ.

ಪೈಲಿಯಾದ ಬೇರು ಆಳಕ್ಕೆ ಹೋಗುವುದಿಲ್ಲ. ಎತ್ತರದ ಕುಂಡಕ್ಕಿಂತ ಅಗಲದ ಕುಂಡ ಒಳ್ಳೆಯದು: ನಾಲ್ಕು ಇಂಚಿನಲ್ಲಿ ಆರಂಭಿಸಿ, ಆರು ಇಂಚಿಗೆ ನಿಲ್ಲಿಸಿ. ಚಿಕ್ಕ ಗಿಡಕ್ಕೆ ದೊಡ್ಡ ಕುಂಡ ಕೊಟ್ಟರೆ ಬೇರು ತಲುಪದ ಮಣ್ಣಿನಲ್ಲಿ ನೀರು ವಾರಗಟ್ಟಲೆ ಉಳಿಯುತ್ತದೆ, ಕೊಳೆತ ಅಲ್ಲಿಂದಲೇ ಶುರು. ತಳದಲ್ಲಿ ಜಲ್ಲಿಕಲ್ಲಿನ ಪದರ ಹಾಕುವ ರೂಢಿಯಿಂದ ನೀರು ಬೇಗ ಇಳಿಯುವುದಿಲ್ಲ, ನೀರು ನಿಲ್ಲುವ ಮಟ್ಟ ಮೇಲಕ್ಕೆ ಬರುತ್ತದೆ ಅಷ್ಟೆ. ತೂತಿಗೆ ಒಂದು ಚೂರು ಸೊಳ್ಳೆಪರದೆ ಹಾಕಿದರೆ ಸಾಕು. ಮಣ್ಣು ತುಂಬಿದ ಮೇಲೆ, ಗಿಡ ನೆಡುವ ಮುಂಚೆ, ಒಂದು ಲೋಟ ನೀರು ಸುರಿದು ನೋಡಿ. ಹತ್ತು ಎಣಿಸುವುದರೊಳಗೆ ಮೇಲಿನ ನೀರು ಇಂಗಬೇಕು. ನಿಂತರೆ ಪರ್ಲೈಟ್ ಇನ್ನೂ ಬೇಕು.

ನೀರು

ದಿನಕ್ಕಿಷ್ಟು, ವಾರಕ್ಕಿಷ್ಟು ಎಂಬ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನೀರು ಹಾಕಿದ ಕೂಡಲೇ ಕುಂಡವನ್ನು ಕೈಯಲ್ಲೆತ್ತಿ ಅದರ ಭಾರ ನೆನಪಿಟ್ಟುಕೊಳ್ಳಿ. ಮುಂದಿನ ಬಾರಿ ಎತ್ತಿದಾಗ ಹಗುರವೆನಿಸಬೇಕು, ತೋರುಬೆರಳಿನ ಮೊದಲ ಗೆಣ್ಣಿನವರೆಗೂ ಮಣ್ಣು ಒಣಗಿರಬೇಕು. ಆಗ, ತಳದ ತೂತಿನಿಂದ ಹರಿದು ಬರುವಷ್ಟು ಧಾರಾಳವಾಗಿ ಹಾಕಿ. ಕಾಲು ಗಂಟೆಯ ನಂತರ ತಟ್ಟೆಯ ನೀರು ಚೆಲ್ಲಿ. ಬೆಂಗಳೂರಿನ ಹವೆಯಲ್ಲಿ ನಾಲ್ಕು ಇಂಚಿನ ಪ್ಲಾಸ್ಟಿಕ್ ಕುಂಡಕ್ಕೆ ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಐದಾರು ದಿನಕ್ಕೊಮ್ಮೆ ಆ ಸ್ಥಿತಿ ಬರುತ್ತದೆ. ಮಣ್ಣಿನ ಕುಂಡ ಇನ್ನೂ ಬೇಗ ಒಣಗುತ್ತದೆ. ದಿನಾ ಅರ್ಧ ಲೋಟ ಚಿಮುಕಿಸುವುದು ಕೆಟ್ಟ ರೂಢಿ, ಮೇಲ್ಮಣ್ಣು ಸದಾ ಒದ್ದೆಯಾಗಿ ಕಾಂಡದ ಬುಡ ಮೆತ್ತಗಾಗುತ್ತದೆ.

ಎಲೆ ಜೋತುಬಿದ್ದಾಗ ನೀರಿನ ತಂಬಿಗೆ ಹಿಡಿದು ಓಡುವ ಮುಂಚೆ ಎರಡು ಪರೀಕ್ಷೆ ಮಾಡಿ. ಕುಂಡ ಹಗುರವಾಗಿದ್ದು, ಬುಡದ ಕಾಂಡವನ್ನು ಎರಡು ಬೆರಳಲ್ಲಿ ಒತ್ತಿದರೆ ಗಟ್ಟಿಯಿದ್ದರೆ ಅದು ಬಾಯಾರಿಕೆ. ಕುಂಡವನ್ನು ಇಪ್ಪತ್ತು ನಿಮಿಷ ನೀರಿನ ತಟ್ಟೆಯಲ್ಲಿ ಕೂರಿಸಿದರೆ ಕೆಲವೇ ಗಂಟೆಗಳಲ್ಲಿ ತಲೆಯೆತ್ತುತ್ತದೆ. ಕುಂಡ ಭಾರವಾಗಿದ್ದು, ಕಾಂಡ ಬೆಂದ ದಂಟಿನ ಸೊಪ್ಪಿನಂತೆ ಮೆತ್ತಗಿದ್ದರೆ ಬೇರು ಕೊಳೆತಿದೆ. ನೀರಿನ ನಡುವೆಯೇ ನಿಂತರೂ ನೀರೆಳೆಯಲು ಅದಕ್ಕೆ ಬೇರೇ ಉಳಿದಿಲ್ಲ, ಅದಕ್ಕೇ ಎರಡೂ ಒಂದೇ ರೀತಿ ಕಾಣುತ್ತವೆ. ಅಂಥ ಗಿಡದ ಬುಡಕ್ಕೆ ಔಷಧಿ ಹುಡುಕುತ್ತ ಸಮಯ ಕಳೆಯಬೇಡಿ. ಗಟ್ಟಿಯಿರುವ ಮೇಲಿನ ಕುಡಿಗಳನ್ನು ಅದೇ ದಿನ ಕತ್ತರಿಸಿ ನೆಟ್ಟುಕೊಳ್ಳಿ.

ಗಾಳಿಯ ತೇವಕ್ಕೆ ಎಲೆಯ ಮೇಲೆ ನೀರು ಸಿಂಪಡಿಸಿದರೆ ಅದು ನಿಲ್ಲುವುದು ಕೆಲವೇ ನಿಮಿಷ. ನಾಲ್ಕೈದು ಗಿಡಗಳನ್ನು ಒತ್ತಾಗಿ ಇಡುವುದು, ಬೆಣಚುಕಲ್ಲು ಹರಡಿದ ತಟ್ಟೆಯಲ್ಲಿ ನೀರಿಟ್ಟು ಕಲ್ಲಿನ ಮೇಲೆ ಕುಂಡ ಕೂರಿಸುವುದು ಹೆಚ್ಚು ಉಪಯೋಗ. ಕುಂಡದ ತಳ ನೀರಿಗೆ ತಾಗಬಾರದು. ಮೂನ್ ವ್ಯಾಲಿಯ ಸುಕ್ಕಿನಲ್ಲಿ ರಾತ್ರಿ ನೀರು ನಿಂತರೆ ಬೆಳಗ್ಗೆ ಕಂದು ಚುಕ್ಕೆ ಬೀಳುತ್ತದೆ, ಅದಕ್ಕೆ ಬೆಳಗ್ಗೆಯೇ, ಬುಡಕ್ಕೇ ನೀರು ಹಾಕಿ.

ಬೋರ್‌ವೆಲ್‌ನ ಗಡಸು ನೀರು ಹಾಕುವವರ ಕುಂಡದಂಚಿನಲ್ಲಿ ಬಿಳಿ ಸುಣ್ಣದ ಪದರ ಕಟ್ಟುತ್ತದೆ. ಚೈನೀಸ್ ಮನಿ ಪ್ಲಾಂಟಿನ ಎಲೆಯಡಿಯಲ್ಲೂ ಉಪ್ಪಿನ ಕಣದಂಥ ಬಿಳಿ ಚುಕ್ಕೆಗಳು ಕಾಣಿಸುತ್ತವೆ. ಅದನ್ನು ಹುಳವೆಂದುಕೊಂಡು ಔಷಧಿ ಹೊಡೆಯುವವರಿದ್ದಾರೆ. ಎಲೆಯ ರಂಧ್ರಗಳಿಂದ ಹೊರಬಂದು ಒಣಗಿದ ಖನಿಜ ಅದು, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಮಳೆನೀರು ಹಿಡಿದಿಟ್ಟು ಹಾಕುವುದು ಉತ್ತಮ, ಎಸಿ ಯಂತ್ರದಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ. ಆದರೆ ಆರ್‌ಓ ಯಂತ್ರ ಹೊರಚೆಲ್ಲುವ ನೀರು ಬೇಡ, ಲವಣವೆಲ್ಲ ಸೇರಿರುವುದು ಅದರಲ್ಲೇ.

ಕುಡಿ ಮುರಿದು ನೆಡುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಬೆಂಗಳೂರಿನಲ್ಲಿ ನವೆಂಬರ್‌ವರೆಗೂ ನಡೆಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬೇರು ಬರುವ ಮುಂಚೆಯೇ ಕುಡಿ ಬಾಡುತ್ತದೆ. ಕ್ಯಾಡಿಯೆರಿ, ಮೂನ್ ವ್ಯಾಲಿ, ಗ್ಲಾಕಾ ಎಲ್ಲಕ್ಕೂ ಈ ಕ್ರಮ ಒಂದೇ:

1. ಹಿಂದಿನ ಸಂಜೆ ತಾಯಿಗಿಡಕ್ಕೆ ನೀರು ಕೊಡಿ. ನೀರು ತುಂಬಿಕೊಂಡ ಕುಡಿ ಕತ್ತರಿಸಿದ ಮೇಲೂ ಒಂದು ದಿನ ತಾಳುತ್ತದೆ.

2. ಬೆಳಗ್ಗೆ, ತುದಿಯಿಂದ ಏಳೆಂಟು ಸೆಂಟಿಮೀಟರ್ ಉದ್ದದ, ಮೂರು ಗೆಣ್ಣು ಇರುವ ಕುಡಿ ಆರಿಸಿ, ಗೆಣ್ಣಿನಿಂದ ಅರ್ಧ ಸೆಂಟಿಮೀಟರ್ ಕೆಳಗೆ ಹೊಸ ಬ್ಲೇಡಿನಿಂದ ಕತ್ತರಿಸಿ. ಕತ್ತರಿಯಾದರೆ ರಸಭರಿತ ಕಾಂಡ ಜಜ್ಜಿಹೋಗುತ್ತದೆ, ಜಜ್ಜಿದ ಜಾಗ ಮೊದಲು ಕೊಳೆಯುತ್ತದೆ.

3. ಕೆಳಗಿನ ಜೋಡಿ ಎಲೆ ತೆಗೆಯಿರಿ. ಮೊಗ್ಗಿದ್ದರೆ ಚಿವುಟಿ ಹಾಕಿ. ಎಲೆ ಕಿತ್ತ ಗೆಣ್ಣಿನಿಂದಲೇ ಬೇರು ಮೂಡುವುದು.

4. ಕೊಕೊಪೀಟ್, ಪರ್ಲೈಟ್ ಸಮಪಾಲು ಬೆರೆಸಿ ನೆನೆಸಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆಯಾದರೆ ನೀರು ಹೆಚ್ಚು. ಇದರಲ್ಲಿ ಗೊಬ್ಬರ ಹಾಕಬೇಡಿ.

5. ಪೆನ್ಸಿಲಿನಿಂದ ಗುಳಿ ಮಾಡಿ, ಒಂದು ಗೆಣ್ಣು ಒಳಗೆ ಹೋಗುವಂತೆ ಊರಿ, ಸುತ್ತ ಮೆಲ್ಲಗೆ ಒತ್ತಿ. ನಾಲ್ಕು ಇಂಚಿನ ಕುಂಡದಲ್ಲಿ ನಾಲ್ಕೈದು ಕುಡಿ ಊರಿದರೆ ಮೊದಲಿನಿಂದಲೇ ತುಂಬಿದ ಗಿಡವಾಗುತ್ತದೆ.

6. ಎರಡು ಲೀಟರಿನ ನೀರಿನ ಬಾಟಲಿಯ ತಳ ಕತ್ತರಿಸಿ ಮೇಲೆ ಬೋರಲು ಹಾಕಿ. ದಿನಾ ಬೆಳಗ್ಗೆ ಹತ್ತು ನಿಮಿಷ ಮುಚ್ಚಳ ತೆಗೆದಿಡಿ. ಒಳಗೆ ಮಂಜು ಹಿಡಿದಂತಿರಬೇಕು, ಹನಿ ಇಳಿಯುತ್ತಿದ್ದರೆ ಗಾಳಿ ಇನ್ನಷ್ಟು ಬೇಕು.

7. ಎರಡು ವಾರದ ಹೊತ್ತಿಗೆ ಕುಡಿಯನ್ನು ಹಗುರವಾಗಿ ಎಳೆದು ನೋಡಿ. ಹಿಡಿದುಕೊಂಡಂತೆ ಅನಿಸಿದರೆ ಬೇರು ಬಂದಿದೆ. ಬಾಟಲಿಯನ್ನು ಒಮ್ಮೆಗೇ ತೆಗೆಯದೆ ಮೂರು ನಾಲ್ಕು ದಿನ ಮುಚ್ಚಳ ಮಾತ್ರ ತೆಗೆದಿಟ್ಟು ಹೊರಗಾಳಿಗೆ ಹೊಂದಿಸಿ.

ಬೇರು ಬರಿಸುವ ಪುಡಿಯ ಅಗತ್ಯ ಪೈಲಿಯಾಕ್ಕಿಲ್ಲ. ಲೋಟದ ನೀರಿನಲ್ಲೂ ಬೇರು ಬರುತ್ತದೆ, ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಬೇಕು. ಬೇರು ಎರಡು ಮೂರು ಸೆಂಟಿಮೀಟರ್ ಆದೊಡನೆ ಮಣ್ಣಿಗೆ ಹಾಕಿ. ತಿಂಗಳುಗಟ್ಟಲೆ ನೀರಲ್ಲೇ ಬಿಟ್ಟರೆ ಆ ಬೇರು ಮಣ್ಣಿಗೆ ಒಗ್ಗಲು ಕಷ್ಟಪಡುತ್ತದೆ. ಹೊಸ ಗಿಡ ನಾಲ್ಕು ಜೋಡಿ ಎಲೆ ಬಿಟ್ಟಾಗ ತುದಿ ಚಿವುಟಿ, ಪಕ್ಕದ ಎರಡೂ ಕಂಕುಳಿಂದ ಚಿಗುರು ಬರುತ್ತದೆ.

ಕುಡಿ ತೆಗೆದ ತಾಯಿಗಿಡವನ್ನು ಎಸೆಯಬೇಡಿ. ಮಣ್ಣಿನಿಂದ ಎರಡು ಗೆಣ್ಣು ಬಿಟ್ಟು ಕತ್ತರಿಸಿದರೆ ಮೋಟಿನಿಂದ ಮತ್ತೆ ಚಿಗುರುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ: ಎಲೆಯಿಲ್ಲದ ಮೋಟಿಗೆ ಮೊದಲಿನಷ್ಟೇ ನೀರು ಹಾಕುತ್ತಾರೆ. ಎಲೆಯಿಲ್ಲದಿದ್ದರೆ ನೀರು ಎಳೆಯುವವರು ಯಾರು? ಹೊಸ ಎಲೆ ಬೆರಳುಗುರಿನಷ್ಟಾಗುವವರೆಗೆ ಮೊದಲಿನ ಮೂರನೇ ಒಂದರಷ್ಟು ನೀರು ಸಾಕು.

ಚೈನೀಸ್ ಮನಿ ಪ್ಲಾಂಟಿನ ಕ್ರಮ ಬೇರೆ. ತಾಯಿಗಿಡದ ಸುತ್ತ ಮಣ್ಣಿನಿಂದ ಮರಿಗಳು ಏಳುತ್ತವೆ. ಮರಿ ಐದಾರು ಸೆಂಟಿಮೀಟರ್ ಎತ್ತರಕ್ಕೆ ಬಂದು ನಾಲ್ಕು ಎಲೆ ಬಿಟ್ಟಾಗ, ಮಣ್ಣು ಸ್ವಲ್ಪ ಕೆದಕಿ, ತಾಯಿಗೆ ಜೋಡಿಸುವ ದಾರದಂಥ ಕಾಂಡವನ್ನು ಎರಡು ಮೂರು ಸೆಂಟಿಮೀಟರ್ ಸಮೇತ ಕತ್ತರಿಸಿ ನೆಡಿ. ಎಲೆಯಿಂದಲೂ ಮಾಡಬಹುದು, ಆದರೆ ತೊಟ್ಟಿನ ಬುಡದಲ್ಲಿ ಮುಖ್ಯ ಕಾಂಡದ ಚಿಕ್ಕ ಹೋಳು ಸೇರಿರಬೇಕು. ಬರೀ ಎಲೆ-ತೊಟ್ಟಿಗೆ ಬೇರು ಬಂದರೂ ಚಿಗುರುವ ಕಣ್ಣಿಲ್ಲದೆ ಅದು ಎಲೆಯಾಗಿಯೇ ಉಳಿಯುತ್ತದೆ.

ಈ ಗಿಡ ಜಗತ್ತಿಗೆ ಹರಡಿದ್ದೂ ಹೀಗೆ ಮರಿ ಹಂಚಿಕೊಂಡೇ. ವಿಜ್ಞಾನಿಗಳು ಇದಕ್ಕೆ 1912ರಲ್ಲೇ ಹೆಸರಿಟ್ಟಿದ್ದರು. 1940ರ ದಶಕದಲ್ಲಿ ನಾರ್ವೆಯ ಮಿಷನರಿ ಆಗ್ನಾರ್ ಎಸ್ಪೆಗ್ರೆನ್ ಚೀನಾ ತೊರೆಯುವಾಗ ಇದನ್ನು ಜೊತೆಗಿಟ್ಟುಕೊಂಡು, ಭಾರತದ ಮೂಲಕ ತಮ್ಮ ದೇಶಕ್ಕೆ ಒಯ್ದರು. ಅಲ್ಲಿಂದ ಮನೆಯಿಂದ ಮನೆಗೆ, ಕೈಯಿಂದ ಕೈಗೆ ಮರಿ ದಾಟಿತು. ನರ್ಸರಿಗಳು ಮಾರತೊಡಗಿದ್ದು ಬಹಳ ತಡವಾಗಿ.

ಗೊಬ್ಬರ

ಇದು ಹೊಟ್ಟೆಬಾಕ ಗಿಡವಲ್ಲ. ಜೂನ್‌ನಿಂದ ಫೆಬ್ರವರಿಯವರೆಗೆ ತಿಂಗಳಿಗೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ) ಗೊಬ್ಬರವನ್ನು ಲೀಟರ್ ನೀರಿಗೆ ಅರ್ಧ ಗ್ರಾಂನಂತೆ ಕರಗಿಸಿ, ತೇವವಿರುವ ಮಣ್ಣಿಗೆ ಹಾಕಿ. ಬೇಡವೆನ್ನುವವರು ಎರಡು ತಿಂಗಳಿಗೊಮ್ಮೆ ಎರಡು ಚಮಚ ಎರೆಗೊಬ್ಬರ ಮೇಲೆ ಉದುರಿಸಬಹುದು. ಏಪ್ರಿಲ್-ಮೇಯಲ್ಲಿ ನಿಲ್ಲಿಸಿ. ಎಲೆಯಂಚು ಕಂದಾಗಿ ಸುಟ್ಟಂತಾದರೆ ಗೊಬ್ಬರ ಹೆಚ್ಚಾಗಿದೆ. ಕುಂಡದ ಅಳತೆಯ ಮೂರು ಪಟ್ಟು ಸಿಹಿನೀರು ನಿಧಾನವಾಗಿ ಹರಿಸಿ ತೊಳೆದುಬಿಡಿ.

ಹುಳ, ರೋಗ

ಎಲೆ ಕಂಕುಳಲ್ಲಿ ಹತ್ತಿಯಂಥ ಬಿಳಿ ಉಂಡೆ ಕಂಡರೆ ಹಿಟ್ಟು ತಿಗಣೆ. ಸ್ಪಿರಿಟ್ ಅದ್ದಿದ ಹತ್ತಿಕಡ್ಡಿಯಿಂದ ಒಂದೊಂದನ್ನೇ ಮುಟ್ಟಿ ತೆಗೆಯಿರಿ, ವಾರಕ್ಕೊಮ್ಮೆಯಂತೆ ಮೂರು ವಾರ. ಮಾರ್ಚ್‌ನಿಂದ ಮೇವರೆಗಿನ ಒಣ ಹವೆಯಲ್ಲಿ ಎಲೆಯ ಮೇಲೆ ಸೂಜಿಮೊನೆಯಷ್ಟು ಹಳದಿ ಚುಕ್ಕೆ, ಅಡಿಯಲ್ಲಿ ತೆಳು ಬಲೆ ಕಂಡರೆ ಜೇಡ ನುಸಿ. ಗಿಡವನ್ನು ನಲ್ಲಿಯಡಿ ಹಿಡಿದು ಎಲೆಯಡಿ ತೊಳೆದು, ಸಂಜೆ ಲೀಟರ್ ಉಗುರುಬೆಚ್ಚಗಿನ ನೀರಿಗೆ ಐದು ಮಿಲಿಲೀಟರ್ ಬೇವಿನ ಎಣ್ಣೆ, ಎರಡು ಮಿಲಿಲೀಟರ್ ದ್ರವ ಸೋಪು ಬೆರೆಸಿ ಸಿಂಪಡಿಸಿ. ಮೊದಲು ಒಂದೇ ಎಲೆಗೆ ಹೊಡೆದು ಎರಡು ದಿನ ಕಾಯಿರಿ.

ಮಳೆಗಾಲದಲ್ಲಿ ಹೆದರಬೇಕಾದ ರೋಗವೊಂದಿದೆ. ನಿನ್ನೆ ಸಂಜೆ ಚೆನ್ನಾಗಿದ್ದ ಗಿಡ ಬೆಳಗ್ಗೆ ಬುಡದಿಂದ ಮಲಗಿರುತ್ತದೆ. ಬಗ್ಗಿ ನೋಡಿದರೆ ಮಣ್ಣಿನ ಮೇಲೆ ಬೀಸಣಿಗೆಯಂತೆ ಹರಡಿದ ಬಿಳಿ ಎಳೆಗಳು, ಅವುಗಳ ನಡುವೆ ಸಾಸಿವೆ ಕಾಳಿನಂಥ ಕಂದು ಗುಳಿಗೆಗಳು. ಇದು ಸ್ಕ್ಲೀರೋಶಿಯಂ ಎಂಬ ಶಿಲೀಂಧ್ರ. ಆ ಗುಳಿಗೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಗಿಡವನ್ನೂ ಮಣ್ಣನ್ನೂ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗಂತೂ ಬೇಡವೇ ಬೇಡ. ಕುಂಡವನ್ನು ಸೋಪಿನಿಂದ ತೊಳೆದು ಬಿಸಿಲಲ್ಲಿ ಒಣಗಿಸಿ. ಮುಂದಿನ ಸಲ ಮಣ್ಣು ಬೆರೆಸುವಾಗಲೇ ಕಿಲೋ ಎರೆಗೊಬ್ಬರಕ್ಕೆ ಐದು ಗ್ರಾಂ ಟ್ರೈಕೊಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರದ ಪುಡಿ) ಕಲಸಿ, ಒಂದು ವಾರ ನೆರಳಲ್ಲಿಟ್ಟು ಬಳಸಿ.

ಸಿಡಿಯುವ ಪೈಲಿಯಾ

ನರ್ಸರಿಯಿಂದ ತಂದ ಯಾವುದೋ ಕುಂಡದಲ್ಲಿ, ಬಾವಿಕಟ್ಟೆಯ ಸಂದಿಯಲ್ಲಿ, ತೇವದ ಗೋಡೆಯ ಬುಡದಲ್ಲಿ, ಜರಿಗಿಡವೇನೋ ಎನ್ನಿಸುವ ಪುಟಾಣಿ ಎಲೆಯ ಹಸಿರು ಕಳೆಯನ್ನು ನೀವು ನೋಡಿಯೇ ಇರುತ್ತೀರಿ. ಅದೂ ಪೈಲಿಯಾ, ಪೈಲಿಯಾ ಮೈಕ್ರೋಫಿಲ್ಲಾ. ಅಮೆರಿಕದ ಉಷ್ಣ ಪ್ರದೇಶದಿಂದ ಬಂದು ಇಲ್ಲಿ ನೆಲೆಯೂರಿದೆ. ಕಳೆಯೆಂದು ಕೀಳುವ ಮುಂಚೆ ಒಮ್ಮೆ ಇದನ್ನು ನೋಡಿ: ಮೊಗ್ಗು ತುಂಬಿದ ಗಿಡವನ್ನು ಬೆಳಗ್ಗೆ ನೆರಳಿನಿಂದ ತಂದು ಎಳೆಬಿಸಿಲಿಗೆ ಇಟ್ಟು, ಹಿಂದೆ ಕಪ್ಪು ಬಟ್ಟೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಇಲ್ಲೊಂದು ಅಲ್ಲೊಂದು ಕಡೆಯಿಂದ ಹೊಗೆಯ ಎಳೆಯಂತೆ ಬಿಳಿ ಪರಾಗ ಚಿಮ್ಮುತ್ತದೆ. ಗಂಡು ಹೂವಿನ ಕೇಸರಗಳು ಮೊಗ್ಗಿನೊಳಗೆ ಸ್ಪ್ರಿಂಗಿನಂತೆ ಒಳಮುಖವಾಗಿ ಮಡಚಿ ಬಿಗಿದುಕೊಂಡಿರುತ್ತವೆ. ಮೊಗ್ಗು ಬಿರಿದ ಕ್ಷಣ ಅವು ಹೊರಕ್ಕೆ ಚಿಮ್ಮಿ ಪರಾಗವನ್ನು ಗಾಳಿಗೆ ಎಸೆಯುತ್ತವೆ. ಇಂಗ್ಲಿಷರು ಇದನ್ನು ಫಿರಂಗಿ ಗಿಡ ಎಂದು ಕರೆದದ್ದು ಅದಕ್ಕೇ.

ಹೆಣ್ಣು ಹೂವೂ ಸುಮ್ಮನಿರುವುದಿಲ್ಲ. ಅದರ ಬುಡದ ಪುಟ್ಟ ಹುರುಪೆಗಳು ಬಲಿತ ಬೀಜವನ್ನು ತಳ್ಳಿ ಹಾರಿಸುತ್ತವೆ. ಬೀಜ ಅರ್ಧ ಮಿಲಿಮೀಟರಿಗಿಂತ ಚಿಕ್ಕದು, ಪಕ್ಕದ ಕುಂಡಗಳಲ್ಲೆಲ್ಲ ಮೊಳೆಯುತ್ತದೆ. ಬೇಡವೆನ್ನುವವರು ಕುಂಡಕ್ಕೆ ನೀರು ಹಾಕಿ ಅರ್ಧ ಗಂಟೆ ಬಿಟ್ಟು, ಮೊಗ್ಗು ಬಿರಿಯುವ ಮುಂಚೆಯೇ ಬುಡ ಹಿಡಿದು ಬೇರುಸಹಿತ ಎಳೆಯಬೇಕು. ಒಣ ಮಣ್ಣಿನಲ್ಲಿ ಎಳೆದರೆ ಎಳಸು ಕಾಂಡ ನಡುವೆ ತುಂಡಾಗಿ, ಉಳಿದ ಬುಡ ಮತ್ತೆ ಚಿಗುರುತ್ತದೆ. ಬೇಕೆನ್ನುವವರು ಕಳ್ಳಿಗಿಡಗಳ ಕುಂಡದಿಂದ ದೂರ, ಕಲ್ಲಿನ ತೊಟ್ಟಿಯೊಂದರಲ್ಲಿ ಇದನ್ನೊಂದನ್ನೇ ಬೆಳೆಸಿ, ಹದಿನೈದು ದಿನಕ್ಕೊಮ್ಮೆ ಮೇಲ್ತುದಿ ಸವರುತ್ತಿದ್ದರೆ ಹಾಸಿನಂತೆ ತುಂಬಿಕೊಳ್ಳುತ್ತದೆ.